‘ಇಲ್ಲ ಅಲ್ವಾ?’ ಎಂದು ಕೇಳುವವರಿಗೆ

ಜೂನ್ 4, ಬುದ್ಧ ವರ್ಷ 2567, ಮಂಗಳವಾರ

ದಿನಾ ಇಂಗ್ಲಿಷಿನಲ್ಲಿ ಐದು ಸಾಲು ದಿನಚರಿ ಬರೆ ಎಂದು, ನನಗೆ ಪಾಠ ಹೇಳಲು ಒಪ್ಪಿರುವ ಮಾರಿವಿಕ್ ಅಪ್ಪಣೆ ಮಾಡಿದ್ದಾಳೆ. ಆ ಐದು ಸಾಲನ್ನು ಬೇರೆಲ್ಲಾದರೂ ಗೀಚಿ ಅವಳ ಕೈಗೆ ಕೊಟ್ಟರಾಯಿತು. ಈ ಪುಸ್ತಕ ಮಾತ್ರ ನನ್ನದು. ಬಯ್ಯಬೇಕೆನಿಸಿದಾಗ ನನ್ನ ಭಾಷೆಯಲ್ಲೇ ಬಯ್ಯಬೇಕು, ಇಲ್ಲದಿದ್ದರೆ ಹೊಟ್ಟೆ ತಣ್ಣಗಾಗುವುದಿಲ್ಲ.

ಇವತ್ತು ರೆಫರಿ ಮಂಡಳಿಯಿಂದ ಕಾಗದ ಬಂತು. ಆಗಸ್ಟ್ 24, ಶನಿವಾರ, ಖೋನ್ ಕೇನ್‌ನಲ್ಲಿ ಇಂಗ್ಲಿಷ್ ಪರೀಕ್ಷೆ. ಬರೆಯುವುದೂ ಇದೆ, ಎದುರು ಕೂತು ಮಾತಾಡುವುದೂ ಇದೆ. ಪಾಸಾದರೆ ಅಂತರರಾಷ್ಟ್ರೀಯ ವಾಲಿಬಾಲ್ ರೆಫರಿಗಳ ತರಬೇತಿಗೆ ನನ್ನ ಹೆಸರು ಹೋಗುತ್ತದೆ. ಫೇಲಾದರೆ ಅಲ್ಲಿಗೆ ಮುಗಿಯಿತು. ಬರುವ ವರ್ಷ ನನಗೆ ನಲವತ್ತು ತುಂಬುತ್ತದೆ, ನಲವತ್ತಾದವರನ್ನು ಹೊಸದಾಗಿ ತೆಗೆದುಕೊಳ್ಳುವುದಿಲ್ಲ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿದ್ದಾರೆ. ನನ್ನ ವಯಸ್ಸು ನನಗೇ ಗೊತ್ತಿಲ್ಲ ಎನ್ನುವ ಹಾಗೆ.

ಹೋದ ವರ್ಷವೇ ಹೋಗಬೇಕಿತ್ತು ಹೆಸರು. ತಪ್ಪಿಸಿದವನು ಆ ಡೋರ್ನ್. ಪರದೇಶದಿಂದ ಬಂದ ವೀಕ್ಷಕ, ಬೋಳುತಲೆ, ಕುತ್ತಿಗೆಗೊಂದು ಕನ್ನಡಕ ನೇತುಹಾಕಿಕೊಂಡು ಓಡಾಡುತ್ತಾನೆ. ಸೆಮಿಫೈನಲ್ ದಿನ ನಾನು ಮುಖ್ಯ ರೆಫರಿ, ಎತ್ತರದ ಪೀಠದ ಮೇಲಿದ್ದೆ. ಒಂದು ಹೊಡೆತ ಗೆರೆ ದಾಟಿ ಹೊರಗೆ ಬಿತ್ತು. ಔಟ್ ಎಂದು ಕೈ ಎತ್ತಿದೆ. ಹೊಡೆದ ತಂಡದ ಕ್ಯಾಪ್ಟನ್ ಗಂಟಲು ಹರಿಯುವಂತೆ ಕೂಗಿದಳು. ಅವಳ ಕೂಗಿಗೆ ನಾನು ಸೊಪ್ಪು ಹಾಕಲಿಲ್ಲ. ಆದರೆ ಮೂಲೆಯಲ್ಲಿ ಲೈನ್ ಜಡ್ಜ್ ಪಿಮ್‌ಪಾ ಬಾವುಟ ಎತ್ತಿ ಅದರ ತುದಿಗೆ ಅಂಗೈ ಇಟ್ಟು ನಿಂತಿದ್ದಳು. ಚೆಂಡು ತಡೆದವಳ ಬೆರಳಿಗೆ ಸವರಿದೆ ಎಂದು ಅದರ ಅರ್ಥ. ಅವಳನ್ನು ಹತ್ತಿರ ಕರೆದೆ, ಕೇಳಿದೆ, ಖಾತ್ರಿ ಮಾಡಿಕೊಂಡು ತೀರ್ಪು ಬದಲಾಯಿಸಿದೆ. ಇದು ನಿಯಮ. ಪಂದ್ಯ ಮುಗಿದ ಮೇಲೆ ಡೋರ್ನ್ ಬಂದು ಇಂಗ್ಲಿಷಿನಲ್ಲಿ ಅದೂ ಇದೂ ಕೇಳಿದ. ಅಷ್ಟಿಷ್ಟು ಇಂಗ್ಲಿಷ್ ನನಗೂ ತಿಳಿಯುತ್ತದೆ. ಕೇಳಿದ್ದಕ್ಕೆಲ್ಲ ಸರಿಯಾಗೇ ಉತ್ತರ ಕೊಟ್ಟೆ. ಆ ಮನುಷ್ಯ ವರದಿಯಲ್ಲಿ ಏನು ಬರೆದ? ‘ಕ್ಯಾಪ್ಟನ್ ಕೂಗಾಟಕ್ಕೆ ಹೆದರಿ ತೀರ್ಪು ಬದಲಾಯಿಸಿದ್ದಾಗಿಯೂ, ಲೈನ್ ಜಡ್ಜ್‌ರನ್ನು ಕೇಳಲೇ ಇಲ್ಲವೆಂದೂ ರೆಫರಿ ತಾವೇ ಒಪ್ಪಿಕೊಂಡಿದ್ದಾರೆ.’

ಒಪ್ಪಿಕೊಂಡಳಂತೆ! ಥೂ, ಸುಳ್ಳ. ಅವನ ಬಾಯಲ್ಲಿ ಹುಳ ಬೀಳ.

ಪಿಮ್‌ಪಾ ಆ ವರದಿ ಓದಿದವಳು ಇವತ್ತಿನವರೆಗೆ ನನ್ನ ಜೊತೆ ಮಾತಾಡಿಲ್ಲ. ಕ್ರೀಡಾ ಕಾಲೇಜಿನಲ್ಲಿ ಒಂದೇ ತಟ್ಟೆಯಲ್ಲಿ ಉಂಡವಳು.

ಸಾಯಂಕಾಲ ಅವ್ವ ಮೀನಿನ ಗಡಿಗೆ ತೊಳೆಯುತ್ತಾ, “ಹೋಗ್ಲಿ ಬಿಡೇ ಖೆಮ್. ದೊಡ್ಡೋರ ಮುಂದೆ ಹೂಂ ಅಂದ್ಕೊಂಡಿದ್ರೆ ಬಾಯೇನ್ ಸವೆದು ಹೋಗತ್ತಾ?” ಎಂದಳು.

ನಾನು “ಖಾ” ಎಂದೆ, ನಮ್ಮ ಹೆಂಗಸರು ಮಾತುಮಾತಿಗೂ ಅನ್ನುವ ಹಾಗೆ.

ಜೂನ್ 11

ಮೊದಲ ಪಾಠ. ಮಾರಿವಿಕ್ ನಾನು ಆಟ ಕಲಿಸುವ ಶಾಲೆಯ ಇಂಗ್ಲಿಷ್ ಟೀಚರು, ಫಿಲಿಪ್ಪೀನ್ಸ್‌ನವಳು. ಥಾಯ್ ನಾಡಿನ ಈಶಾನ್ಯದ ನಮ್ಮ ಈಸಾನ್ ಮಾತು ಅವಳು ಕಲಿತದ್ದು ಪೇಟೆಯಲ್ಲಿ, ಅವ್ವನ ಉಪ್ಪುಮೀನಿನ ಅಂಗಡಿ ಪಕ್ಕ ನಿಂತುಕೊಂಡು. ಹಾಗಾಗಿ ಅವಳ ಬಾಯಲ್ಲಿ ಮೀನು ಮಾರುವವರ ಮಾತೇ ಬರುವುದು. ಹೆಡ್‌ಮಾಸ್ಟರಿಗೂ “ಏನಯ್ಯಾ, ಉಂಡ್ಯಾ?” ಎನ್ನುತ್ತಾಳೆ. ಪರದೇಶದವಳು ಎಂದು ಎಲ್ಲರೂ ನಕ್ಕು ಸುಮ್ಮನಾಗುತ್ತಾರೆ. ನಾನು ಹಾಗೆ ಅಂದಿದ್ದರೆ ಮರುದಿನವೇ ಗಡಿಯಾಚೆಗೆ ವರ್ಗ.

ನನ್ನ ಬಾಯಲ್ಲಿ ಇಂಗ್ಲಿಷಿನ ಬಾಲಗಳೆಲ್ಲ ಕತ್ತರಿಸಿ ಹೋಗುತ್ತವಂತೆ. ಬಾಲ್ ಅನ್ನುವುದು ಬಾನ್ ಆಗುತ್ತದೆ. ಯೆಸ್ ಅನ್ನುವುದು ಯೆಟ್ ಆಗುತ್ತದೆ.

“ಯೆಟ್ ಅಂದ್ರೆ ಇಂಗ್ಲಿಷ್ನಾಗೆ ‘ಇನ್ನೂ’ ಅಂತ ಕಣೇ,” ಎಂದಳು ಮಾರಿವಿಕ್. “ರೆಡಿನಾ ಅಂತ ಅವ್ರು ಕೇಳ್ತಾರೆ, ನೀನು ‘ಇನ್ನೂ’ ಅಂತೀಯ. ಅವ್ರು ಪಾಪ ಕಾಯ್ತಾನೇ ಕೂತಿರ್ತಾರೆ. ಹಾವಿನ ತರ ಬುಸ್ ಅನ್ನು. ಯೆಸ್ಸ್ಸ್.”

ಸ್ಟಾಫ್ ರೂಮಿನಲ್ಲಿ ಕೂತು ಮಧ್ಯಾಹ್ನವೆಲ್ಲ ಬುಸ್‌ಗುಟ್ಟಿದೆ. ಗಣಿತದ ಟೀಚರು ಕಾಲು ಮೇಲಕ್ಕೆತ್ತಿ ಕೂತರು.

ಜೂನ್ 19

ಸಿಟ್ಟಿಗೆ ಪೆನ್ನು ಒತ್ತಿ ಒಂದು ಹಾಳೆ ಹರಿದುಹೋಯಿತು.

ಡೋರ್ನ್ ಬರೆದ ವರದಿ ತೋರಿಸು ಎಂದು ಮಾರಿವಿಕ್ ಕೇಳಿದಳು. ಕೊಟ್ಟೆ. ಓದಿದಳು. ಅವಳು ಯಾವುದನ್ನೂ ಅಷ್ಟು ನಿಧಾನವಾಗಿ ಓದಿದ್ದನ್ನು ನಾನು ನೋಡಿಲ್ಲ.

“ಆವತ್ತು ಅವ್ನು ಏನ್ ಕೇಳ್ದ? ಅವ್ನ್ ಹೇಳಿದ್ದನ್ನೇ ಹೇಳು.”

ಮರೆಯುವುದುಂಟೇ? ಎಷ್ಟು ಸಲ ತಲೆಯೊಳಗೆ ತಿರುಗಿಸಿದ್ದೇನೆ. ಹೇಳಿದೆ.

ಅವಳು ಕನ್ನಡಕವನ್ನು ದಾರ ಕಟ್ಟಿ ಕುತ್ತಿಗೆಗೆ ನೇತುಹಾಕಿಕೊಂಡು ಡೋರ್ನ್ ಆದಳು. ಇಂಗ್ಲಿಷಿನಲ್ಲಿ ಕೇಳಿದಳು: ಕ್ಯಾಪ್ಟನ್ ಕೂಗಿದಳು ಅಂತ ನೀವು ತೀರ್ಪು ಬದಲಾಯಿಸಲಿಲ್ಲ, ಅಲ್ಲವೇ?

“ಯೆಸ್ಸ್,” ಎಂದೆ, ಹಾವಿನ ಹಾಗೆ.

ಲೈನ್ ಜಡ್ಜ್‌ರನ್ನು ನೀವು ಕೇಳಲಿಲ್ಲ, ಅಲ್ಲವೇ?

“ನೋ!” ಎಂದೆ ಜೋರಾಗಿ.

ಮಾರಿವಿಕ್ ಮೇಜು ಕುಟ್ಟಿ ನಕ್ಕಳು. ನಗುತ್ತಾ ನಗುತ್ತಾ ನನ್ನ ಮುಖ ನೋಡಿ ತಟ್ಟನೆ ನಿಲ್ಲಿಸಿದಳು.

“ಅಯ್ಯೋ ಖೆಮ್ಮೀ. ನೀನೇ ಒಪ್ಕೊಂಡಿದ್ದೀಯಲ್ಲೇ.”

ಏನೆಂದರೆ, ಈ ಭಾಷೆಯಲ್ಲಿ ಯೆಸ್ ಎಂದರೆ ‘ನೀವು ಹೇಳಿದ್ದು ಹೌದು’ ಅಂತ ಅಲ್ಲವಂತೆ. ‘ಬದಲಾಯಿಸಲಿಲ್ಲ ಅಲ್ಲವೇ’ ಎಂಬುದಕ್ಕೆ ಯೆಸ್ ಅಂದರೆ, ಹೌದು, ಅವಳು ಕೂಗಿದ್ದಕ್ಕೇ ಬದಲಾಯಿಸಿದೆ ಅಂತ. ‘ಕೇಳಲಿಲ್ಲ ಅಲ್ಲವೇ’ ಎಂಬುದಕ್ಕೆ ನೋ ಅಂದರೆ, ಇಲ್ಲ, ಕೇಳಲೇ ಇಲ್ಲ ಅಂತ. ನಾನು ಹೇಳಿದ್ದು ‘ಹೌದು ಸ್ವಾಮಿ, ನೀವು ಹೇಳಿದ ಹಾಗೇ, ಬದಲಾಯಿಸಲಿಲ್ಲ’ ಮತ್ತು ‘ಅಲ್ಲ ಸ್ವಾಮಿ, ಕೇಳಿದೆ’. ಎರಡೂ ಅವನ ಕಿವಿಗೆ ಹೋಗುವಷ್ಟರಲ್ಲಿ ತಲೆಕೆಳಗು.

ಅದು ಸಾಲದೆಂಬಂತೆ ನಡುನಡುವೆ ನಾನು “ಯೆಸ್, ಯೆಸ್” ಎನ್ನುತ್ತಲೇ ಇದ್ದೆನಲ್ಲ! ನಮ್ಮಲ್ಲಿ ಹೆಂಗಸರು ‘ಖಾ, ಖಾ’ ಅನ್ನುವುದಿಲ್ಲವೇ, ಹಾಗೆ. ಖಾ ಅಂದರೆ ಕೇಳಿಸುತ್ತಿದೆ, ಮುಂದೆ ಹೇಳಿ ಅಂತ. ಒಪ್ಪಿದೆ ಅಂತ ಅಲ್ಲ. ಎದುರಿಗಿರುವವರು ಮಾತಾಡುವಾಗ ಕಂಬದ ಹಾಗೆ ನಿಲ್ಲಲು ನನಗೇನು ಮರ್ಯಾದೆ ಇಲ್ಲವೇ?

“ತಪ್ಪು ನಿನ್ದೇ,” ಎಂದಳು ಮಾರಿವಿಕ್.

“ನನ್ನದಲ್ಲ. ಆ ಭಾಷೆಯದು.”

“ಭಾಷೆಗೆ ಪರೀಕ್ಷೆ ಇಲ್ಲ ಕಣೇ. ನಿಂಗಿದೆ.”

ನಾನು ಒಪ್ಪುವುದಿಲ್ಲ. ಒಬ್ಬ ಮನುಷ್ಯ ನಮ್ಮ ಮುಂದೆ ಒಂದು ಮಾತು ಇಟ್ಟರೆ ಅದು ಹೌದೋ ಅಲ್ಲವೋ ಎಂದು ಹೇಳುವುದು ನೆಟ್ಟಗಿನ ದಾರಿ. ಆ ಮನುಷ್ಯನನ್ನು ಗಾಳಿಗೆ ಬಿಟ್ಟು ಮಾತಿನ ಬಾಲ ಹಿಡಿಯುವುದು ಅಡ್ಡದಾರಿ. ಅಡ್ಡದಾರಿಯಲ್ಲೇ ಪರೀಕ್ಷೆ ಇಟ್ಟಿದ್ದಾರೆ, ಸರಿ, ನಡೆಯುತ್ತೇನೆ. ಆದರೆ ಅದೇ ಸರಿಯಾದ ದಾರಿ ಎಂದು ಮಾತ್ರ ಹೇಳುವುದಿಲ್ಲ.

ಜೂನ್ 20

ಇವತ್ತು ಓದಲಿಲ್ಲ. ಸಿಟ್ಟು ಇಳಿದಿಲ್ಲ.

ಜೂನ್ 28

ಮನೆಯಲ್ಲೂ ಅಭ್ಯಾಸ ಮಾಡು ಎಂದಿದ್ದಾಳೆ ಮಾರಿವಿಕ್. ಯಾರು ಏನೇ ಕೇಳಲಿ, ಯೆಸ್ ಅಥವಾ ನೋ, ಇಂಗ್ಲಿಷ್ ಲೆಕ್ಕದಲ್ಲಿ.

ರಾತ್ರಿ ಊಟದ ಹೊತ್ತಿಗೆ ಬಂದೆ. ಅವ್ವ ಚಾಪೆಯ ಮೇಲೆ ಅಂಟಕ್ಕಿ ಅನ್ನದ ಬುಟ್ಟಿ, ಸುಟ್ಟ ಮೀನು ಇಟ್ಟುಕೊಂಡು ಕೂತಿದ್ದಳು.

“ಇನ್ನೂ ಉಂಡಿಲ್ಲ ಅಲ್ವಾ?”

“ನೋ.”

ನೋ ಎಂದರೆ ‘ಅಲ್ಲ’ ಎನ್ನುವಷ್ಟು ಇಂಗ್ಲಿಷ್ ಅವ್ವನಿಗೆ ಬರುತ್ತದೆ. ಉಂಡಿಲ್ಲ ಅಲ್ವಾ ಅಂದರೆ ಅಲ್ಲ ಅನ್ನುತ್ತಿದ್ದಾಳೆ, ಅಂದರೆ ಎಲ್ಲೋ ಉಂಡುಬಂದಿದ್ದಾಳೆ ಎಂದುಕೊಂಡು ಬುಟ್ಟಿಗೆ ಮುಚ್ಚಳ ಹಾಕಿ ಮೇಲಿಟ್ಟಳು. ಮೀನನ್ನು ಪಕ್ಕದ ಮನೆಯ ಬೆಕ್ಕಿಗೆ ಹಾಕಿದಳು.

“ಅವ್ವಾ! ನಂಗೆ ಹಸಿವಾಗ್ತಿದೆ!”

“ಮತ್ತೆ ನೋ ನೋ ಅಂತ ಕುಣೀತಿದ್ಯಲ್ಲೇ, ಪರಂಗಿ ಮುಂಡೇದೆ!”

ಬೆಕ್ಕಿನ ಬಾಯಿಂದ ಕಿತ್ತುಕೊಳ್ಳಲಾಗುತ್ತದೆಯೇ. ಮೆಣಸಿನಕಾಯಿ ಚಟ್ನಿಯಲ್ಲಿ ಬರೀ ಅನ್ನ ಅದ್ದಿಕೊಂಡು ತಿಂದೆ. ಅವ್ವ ಮಲಗುವವರೆಗೂ ನಗುತ್ತಿದ್ದಳು.

ಜುಲೈ 5

ಹೆಡ್‌ಮಾಸ್ಟರ್ ಪ್ರಾಸೊಪ್ ಕರೆಸಿದರು. ಅವರದ್ದೊಂದು ರೀತಿ ಇದೆ. ಮೊದಲು ಕೂರಿಸಿ ತಣ್ಣನೆ ನೀರು ಕೊಡಿಸುತ್ತಾರೆ. ಆಮೇಲೆ ‘ತಂಗಿ’ ಎನ್ನುತ್ತಾರೆ. ತಂಗಿ ಎಂದರು ಎಂದರೆ ನನ್ನ ತಲೆಯ ಮೇಲೆ ಏನೋ ಬೀಳುವುದಿದೆ ಎಂದೇ ಲೆಕ್ಕ.

“ತಂಗಿ, ಈ ಸಲ ಎಂಟು ಶಾಲೆಗಳ ಕ್ರೀಡಾಕೂಟ ನಮ್ಮ ಮೈದಾನದಲ್ಲೇ. ನೀನಿಲ್ದೆ ನಡಿಯತ್ತಾ? ಎಲ್ಲಾ ನಿನ್ ಕೈಲೇ ಬಿಟ್ಟಿದೀನಿ. ಆಗಸ್ಟ್ 24ನೇ ತಾರೀಕು, ಶನಿವಾರ. ಏನೂ ತೊಂದ್ರೆ ಇಲ್ಲ ಅಲ್ವಾ?”

“ಖಾ,” ಎಂದೆ.

ಹೊರಗೆ ಬಂದು ಧ್ವಜಸ್ತಂಭದ ಹತ್ತಿರ ನಿಂತ ಮೇಲೆ ತಾರೀಕು ತಲೆಗೆ ಹೋಯಿತು. 24. ಆ 24!

ಅಯ್ಯೋ, ನನ್ನ ಬುದ್ಧಿಗಿಷ್ಟು. ಪೀಠದ ಮೇಲೆ ನಿಂತರೆ ಆರಡಿ ಹುಡುಗಿಯರನ್ನು ಒಂದು ಸೀಟಿಗೆ ಕಲ್ಲು ಮಾಡಿ ನಿಲ್ಲಿಸುತ್ತೇನೆ. ಈ ಪ್ರಾಸೊಪ್ ಮಹಾಶಯರ ಮುಂದೆ ಮಾತ್ರ ಆ ಖಾ ಎಲ್ಲಿತ್ತೋ ಬಂದು ಬಾಯಿಗೆ ಕೂರುತ್ತದೆ. ತಿರುಗಿ ಹೋಗಿ ಹೇಳೋಣವೆಂದು ಬಾಗಿಲವರೆಗೂ ಹೋದೆ. ಅವರು ಆಗಲೇ ಫೋನಿನಲ್ಲಿ “ನಮ್ಮ ಖೆಮ್ ಟೀಚರ್ ಒಪ್ಕೊಂಡಾಯ್ತು” ಎಂದು ಯಾರಿಗೋ ಹೇಳುತ್ತಿದ್ದರು. ದಾಕ್ಷಿಣ್ಯವಾಯಿತು. ಬಂದುಬಿಟ್ಟೆ.

ನಾಳೆ ಹೇಳುತ್ತೇನೆ. ಮುಖಕ್ಕೆ ಹೊಡೆದ ಹಾಗೆ ಹೇಳುತ್ತೇನೆ.

ಜುಲೈ 8

ಇನ್ನೂ ಹೇಳಿಲ್ಲ.

ಜುಲೈ 17

ಇವತ್ತು ‘ನಿಮ್ಮ ಬಗ್ಗೆ ಹೇಳಿ’ ಎಂಬ ಪ್ರಶ್ನೆ. ಇದಕ್ಕಿಂತ ಕೆಟ್ಟ ಪ್ರಶ್ನೆ ಇಲ್ಲ. ನಾನು ಮಕ್ಕಳ ಹತ್ತಿರ ಮಾತಾಡುವಾಗ ‘ಟೀಚರ್ ಹೇಳ್ತಾರೆ ಕೇಳಿ’ ಎನ್ನುತ್ತೇನೆ. ಅವ್ವನ ಹತ್ತಿರ ‘ಮಗಳಿಗೆ ಹಸಿವು’ ಎನ್ನುತ್ತೇನೆ. ಹೆಡ್‌ಮಾಸ್ಟರ ಹತ್ತಿರ ‘ತಂಗಿ ನೋಡ್ಕೋತಾಳೆ ಸಾರ್’ ಎನ್ನುತ್ತೇನೆ. ಇಂಗ್ಲಿಷಿನಲ್ಲಿ ಎಲ್ಲದಕ್ಕೂ ಒಂದೇ ‘ಐ’. ಮಹಾರಾಜನಿಗೂ ಅದೇ, ಮೀನು ಮಾರುವವಳಿಗೂ ಅದೇ. ಎದುರಿಗೆ ಯಾರಿದ್ದಾರೆ ಎಂದು ನೋಡುವುದೇ ಬೇಡ.

“ಐ ಅಂತ ಶುರು ಮಾಡು, ಆಮೇಲೆ ಹಿಂದೆ ತಿರುಗ್ ನೋಡ್ಬ್ಯಾಡ,” ಎಂದಳು ಮಾರಿವಿಕ್.

ಸೊಕ್ಕಿನ ಮಾತು. ಆದರೂ ಬಾಯಿಗೆ ಒಂಥರಾ ಹಗುರವಾಗಿದೆ.

ಸಂತೆಯಲ್ಲಿ ಪಿಮ್‌ಪಾ ಸಿಕ್ಕಳು. ಎದುರಾಎದುರು, ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಯೆಸ್ಸು ನೋಗಳ ಕಥೆಯೆಲ್ಲ ಹೇಳಿಬಿಡಬೇಕೆಂದು ಬಾಯಿ ತೆರೆದೆ.

“ಏನೂ ಹೇಳೋದು ಬೇಡ ಖೆಮ್,” ಎಂದಳು. “ನೀನು ನನ್ನ ಕರೆದು ಕೇಳಿದ್ದನ್ನ ಇಡೀ ಕ್ರೀಡಾಂಗಣ ನೋಡಿದೆ. ಆಮೇಲೆ ಅವ್ನ ಮುಂದೆ, ಕೇಳೇ ಇಲ್ಲ ಅಂದ್ಯಲ್ಲ. ನಾನೇನು ಅಲ್ಲಿ ಬಾವುಟ ಹಿಡ್ಕೊಂಡು ಗುಬ್ಬಿ ಓಡಿಸ್ತಿದ್ನಾ?”

ಬದನೆಕಾಯಿ ತೂಗಿಸದೆಯೇ ಹೊರಟುಹೋದಳು. ಅವಳು ಒಂದು ಸಲ, ಒಂದೇ ಸಲ, ‘ಹೀಗೆ ಅಂದೆಯಾ?’ ಎಂದು ಕೇಳಿದ್ದರೆ ಆಗುತ್ತಿತ್ತು. ಕೇಳಲಿಲ್ಲ. ನನಗೂ ಅಳು ಬಂತು, ಆದರೆ ಸಂತೆಯಲ್ಲಿ ಅಳುವವಳು ನಾನಲ್ಲ.

ಈ ಪರೀಕ್ಷೆ ಪಾಸು ಮಾಡುತ್ತೇನೆ. ಹೇಗಾದರೂ ಮಾಡುತ್ತೇನೆ. ಪಾಸು ಮಾಡಿ, ಆ ವರದಿ ಬರೆದವನ ಎದುರು ಅವನ ಭಾಷೆಯಲ್ಲೇ ನಿಲ್ಲುತ್ತೇನೆ.

ಆಗಸ್ಟ್ 2

ಮಾರಿವಿಕ್ ಹೊಸ ಮದ್ದು ಕಂಡುಹಿಡಿದಿದ್ದಾಳೆ.

ನಿನ್ನೆ ಮೊನ್ನೆಯೆಲ್ಲ ಬಯ್ದೂ ಬಯ್ದೂ ಸುಸ್ತಾಗಿದ್ದಳು. ‘ನಿಮಗೆ ಕಾಫಿ ಬೇಡ ಅಲ್ಲವೇ’, ‘ನೀವು ಅವರನ್ನು ನೋಡಲಿಲ್ಲ ಅಲ್ಲವೇ’, ಇಂಥದಕ್ಕೆಲ್ಲ ನನ್ನ ಬಾಯಿ ತಲೆಯನ್ನು ಕೇಳದೆ ಯೆಸ್ ಎಂದುಬಿಡುತ್ತದೆ. ಇವತ್ತು ನನ್ನನ್ನು ಮೈದಾನಕ್ಕೆ ಎಳೆದುಕೊಂಡು ಹೋಗಿ ರೆಫರಿ ಪೀಠದ ಮೇಲೆ ಹತ್ತಿಸಿದಳು. ಸೀಟಿ ಬಾಯಿಗಿಡಿಸಿದಳು.

“ಚೆಂಡು ಬಿತ್ತು ಅಂದ್ಕೊ. ಮೊದ್ಲು ಏನ್ ಮಾಡ್ತೀಯ?”

“ಸೀಟಿ.”

“ಆಮ್ಯಾಕೆ?”

“ಆಮೇಲೆ ಕೈ ಸನ್ನೆ.”

“ನೆಲಕ್ ಬಿದ್ದಿದ್ದನ್ನ ನೋಡಿ ಹೇಳ್ತೀಯೋ, ಕ್ಯಾಪ್ಟನ್ ಮೂತಿ ನೋಡಿ ಹೇಳ್ತೀಯೋ?”

“ನೆಲಕ್ಕೆ ಬಿದ್ದಿದ್ದನ್ನ ನೋಡಿ!”

“ಹಂಗೇ ಇಂಗ್ಲಿಷು. ಕೇಳಿದೋರ್ ಮೂತಿ ನೋಡ್ಬ್ಯಾಡ. ಸೀಟಿ ಊದು, ಆಗಿದ್ದೇನು ಅಂತ ನೋಡು, ಅದನ್ನೇ ಹೇಳು. ಯೆಸ್ಸೂ ಬ್ಯಾಡ, ನೋನೂ ಬ್ಯಾಡ, ಪೂರ್ತಿ ವಾಕ್ಯ. ನಾನು ಮಾಡಿದೆ. ನಾನು ಮಾಡಲಿಲ್ಲ. ನಂಗೆ ಬೇಕು. ನಂಗೆ ಬ್ಯಾಡ.”

ಕೆಳಗೆ ನಿಂತು ಕೇಳುತ್ತಾ ಹೋದಳು. ನಾನು ಮೇಲಿಂದ ಸೀಟಿ ಊದಿ ಊದಿ ಉತ್ತರ ಕೊಟ್ಟೆ. ಒಂದೂ ತಪ್ಪಲಿಲ್ಲ! ಐದನೇ ತರಗತಿಯವರು ಕಿಟಕಿಗೆ ಜೋತುಬಿದ್ದು ನೋಡಿದರು. ಬಾಲ್ ಮಾತ್ರ ಇನ್ನೂ ಬಾನ್ ಆಗಿಯೇ ಇದೆ, ಆಗಲಿ. ಬಾನ್ ಎಂದರೂ ಅದು ದುಂಡಗೇ ಇರುತ್ತದೆ.

ಆಗಸ್ಟ್ 9

ಅಮ್ಮಂದಿರ ದಿನವನ್ನು ಶಾಲೆಯಲ್ಲಿ ಇವತ್ತೇ ಮುಗಿಸಿದರು, ಸೋಮವಾರ ರಜೆಯಾದ್ದರಿಂದ. ಸಾಲು ಕುರ್ಚಿಯಲ್ಲಿ ತಾಯಂದಿರು, ಕಾಲ ಬಳಿ ಮಕ್ಕಳು, ಎಲ್ಲರ ಕೈಯಲ್ಲೂ ಮಲ್ಲಿಗೆ, ಎಲ್ಲರ ಕಣ್ಣಲ್ಲೂ ನೀರು. ಧ್ವನಿವರ್ಧಕದ ತಂತಿ ಎರಡು ಸಲ ಕಿತ್ತುಬಂತು, ನಾನೇ ಕಟ್ಟಿದೆ.

ಮಧ್ಯದಲ್ಲಿ ಪ್ರಾಸೊಪ್ ಸಾರ್ ಪಕ್ಕ ಬಂದು ನಿಂತರು. “ತಂಗಿ, 24ಕ್ಕೆ ಬೆಳಗ್ಗೆ ಐದಕ್ಕೇ ಬಂದು ಗೆರೆ ಹಾಕಿಸ್ಬೇಕು. ಬರ್ದೆ ಇರಲ್ಲ ಅಲ್ವಾ?”

ಬರದೆ ಇರಲ್ಲ ಅಲ್ವಾ! ಇಂಥ ಪ್ರಶ್ನೆ ಮಾರಿವಿಕ್‌ಳ ಪುಸ್ತಕದಲ್ಲೂ ಇಲ್ಲ. ಎರಡು ಇಲ್ಲಗಳು ಒಂದರ ಮೇಲೊಂದು ಕೂತಿವೆ. ಯಾವ ಕಡೆಯಿಂದ ಬಿಡಿಸಬೇಕು ಎಂದು ಯೋಚಿಸುತ್ತಾ ಕೊರಳಿನ ಸೀಟಿ ಹಿಡಿದುಕೊಂಡೆ. ಅಷ್ಟರಲ್ಲಿ ಬಾಯಿ ಅಭ್ಯಾಸದಂತೆ ಪೂರ್ತಿ ವಾಕ್ಯ ಹೇಳಿಬಿಟ್ಟಿತು: “ನಾನು ಬರಲ್ಲ ಸಾರ್. ಆವತ್ತು ನಂಗೆ ಪರೀಕ್ಷೆ ಇದೆ.”

ಅವರು ನನ್ನತ್ತ ತಿರುಗಿದರು. “ಆದ್ರೆ ನೀನು ಖಾ ಅಂದಿದ್ಯಲ್ಲ?”

“ನೀವು ಹೇಳಿದ್ದು ಕೇಳಿಸ್ತು ಅಂತ ಅಂದೆ ಸಾರ್.”

ಅಷ್ಟರಲ್ಲಿ ತಂತಿ ಮೂರನೇ ಸಲ ಕಿತ್ತುಬಂತು, ಓಡಿದೆ.

ಇವತ್ತಿನ ಇಂಗ್ಲಿಷ್ ಐದು ಸಾಲಿನಲ್ಲಿ ನಾಲ್ಕು ಕಡೆ ಎಸ್ ಬಿಟ್ಟಿದ್ದೇನೆಂದು ಮಾರಿವಿಕ್ ಕೆಂಪು ಗೆರೆ ಎಳೆದಳು. ಅದೇ ತಲೆ ತಿನ್ನುತ್ತಿದೆ. ಇನ್ನು ಎರಡು ವಾರ ಇದೆ, ಎಸ್ ಬಾರದಿದ್ದರೆ ಏನು ಗತಿ.

ಆಗಸ್ಟ್ 14

ಹೆಡ್‌ಮಾಸ್ಟರ್ ಮುಖ ಊದಿಸಿಕೊಂಡಿದ್ದಾರೆ. ನೀರು ಕೊಡಿಸುವುದೂ ನಿಂತಿದೆ. ‘ಇಂಗ್ಲಿಷ್ ಕಲ್ತು ಕೊಬ್ಬು ಬಂದಿದೆ’ ಎಂದರೆಂದು ಗಣಿತದ ಟೀಚರು ಬಂದು ಕಿವಿಗೆ ಹಾಕಿದರು. ಕೊಬ್ಬಂತೆ. ನಾನೇನು ಮಾಡಿದೆ? ಕೇಳಿದ್ದಕ್ಕೆ ಉತ್ತರ ಕೊಟ್ಟೆ.

ಕ್ರೀಡಾಕೂಟದ ಕೆಲಸವೆಲ್ಲ ಈಗ ಗಣಿತದವರ ಪಾಲಿಗೆ. ಅವರು ಬಂದು, “ಗೆರೆ ಹಾಕೋದು ಹೇಳ್ಕೊಡೋಕೆ ನಿಮ್ಗೆ ಪುರುಸೊತ್ತಿಲ್ಲ ಅಲ್ವಾ?” ಎಂದರು. ಇದೆ ಎಂದೆ. ಸುಣ್ಣ, ಹಗ್ಗ, ಗೂಟ ಎಲ್ಲ ತೋರಿಸಿಕೊಟ್ಟೆ. ಗಣಿತದವರಾಗಿದ್ದೂ ವೃತ್ತ ಎಳೆಯಲು ಬರುವುದಿಲ್ಲ ಪಾಪ.

ಆಗಸ್ಟ್ 23

ಖೋನ್ ಕೇನ್. ಬಸ್ ನಿಲ್ದಾಣದ ಪಕ್ಕದ ಕೋಣೆ. ಅವ್ವ ಅಂಟಕ್ಕಿ ಅನ್ನ, ಒಣ ಹಂದಿಮಾಂಸ ಕಟ್ಟಿಕೊಟ್ಟಿದ್ದಾಳೆ. ಹೊರಡುವಾಗ “ಹೆದರಿಕೆ ಇಲ್ಲ ಅಲ್ವಾ?” ಎಂದಳು.

ಇದೆ ಎಂದೆ. ಅವ್ವ ಇನ್ನೊಂದು ತುಂಡು ಮಾಂಸ ಹಾಕಿದಳು.

ಆಗಸ್ಟ್ 24

ಬಸ್ಸಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕುಣಿಯುತ್ತಿದೆ.

ಬರವಣಿಗೆ ಆಯಿತು. ಅದರ ಸುದ್ದಿ ಬೇಡ.

ಮಧ್ಯಾಹ್ನ ಒಳಗೆ ಕರೆದರು. ಮೇಜಿನ ಹಿಂದೆ ಮೂವರು. ಒಂದು ಕೊನೆಗೆ ನಮ್ಮ ಮಂಡಳಿಯ ಕಾರ್ಯದರ್ಶಿ ಅಮ್ಮ, ಇನ್ನೊಂದು ಕೊನೆಗೆ ಜಪಾನಿನಿಂದ ಬಂದ ಹಿರಿಯ ರೆಫರಿ ಹೆಂಗಸು. ನಡುವೆ ಡೋರ್ನ್. ಅದೇ ಬೋಳುತಲೆ, ಅದೇ ನೇತಾಡುವ ಕನ್ನಡಕ. ಕುರ್ಚಿ ಎಳೆದುಕೊಂಡು ಅವನೆದುರೇ ಕೂತೆ.

ಮೊದಲು ನಿಯಮಗಳ ಬಗ್ಗೆ ಕೇಳಿದರು. ಹೇಳಿದೆ. ಆಮೇಲೆ ನನ್ನ ಬಗ್ಗೆ. ಐ ಎಂದು ಶುರು ಮಾಡಿದೆ, ಹಿಂದೆ ತಿರುಗಿ ನೋಡಲಿಲ್ಲ. ಬಾಲ್ ಹಲವು ಸಲ ಬಾನ್ ಆಯಿತು, ಯಾರೂ ಸಾಯಲಿಲ್ಲ.

ಆಮೇಲೆ ಡೋರ್ನ್ ಒಂದು ಹಾಳೆ ತಿರುವಿದ. ಹೋದ ವರ್ಷದ ವರದಿ ನಿಮ್ಮ ಕಡತದಲ್ಲಿದೆ ಎಂದ. “ಅದಕ್ಕೆ ನಿಮ್ಮ ಆಕ್ಷೇಪಣೆ ಏನೂ ಇಲ್ಲ, ಅಲ್ಲವೇ?”

ಕಾರ್ಯದರ್ಶಿ ಅಮ್ಮ ನನ್ನತ್ತ ನೋಡಿ ಸಣ್ಣಗೆ ತಲೆಯಾಡಿಸಿದರು. ಹೂಂ ಅನ್ನು, ಮುಂದಕ್ಕೆ ಹೋಗಲಿ, ಕೆದಕಬೇಡ ಎಂದು ಆ ಕಣ್ಣು ಹೇಳುತ್ತಿತ್ತು. ನನಗೂ ಖಾ ಎಂಬುದು ಗಂಟಲವರೆಗೆ ಬಂತು. ಜೇಬಿನೊಳಗೆ ಸೀಟಿ ಹಿಡಿದುಕೊಂಡೆ. ಒಳಗೇ ಊದಿದೆ.

“ಆಕ್ಷೇಪಣೆ ಇದೆ,” ಎಂದೆ. “ಕ್ಯಾಪ್ಟನ್ ಕೂಗಿದ್ದಕ್ಕೆ ನಾನು ತೀರ್ಪು ಬದಲಾಯಿಸಲಿಲ್ಲ. ನಾನು ನನ್ನ ಲೈನ್ ಜಡ್ಜ್‌ರನ್ನು ಕೇಳಿದೆ. ಈ ವರದಿ ತಪ್ಪು.”

ಡೋರ್ನ್ ಕನ್ನಡಕ ಏರಿಸಿಕೊಂಡ. “ಆದರೆ ನೀವೇ ನನಗೆ ಹೇಳಿದಿರಿ. ಯೆಸ್ ಅಂದಿರಿ. ನಾನು ಆಗಲೇ ಬರೆದುಕೊಂಡಿದ್ದೇನೆ.”

ಆಗ ನನಗೆ ಎಲ್ಲಿಂದ ಹೊಳೆಯಿತೋ ಗೊತ್ತಿಲ್ಲ. “ನಾನೊಂದು ಪ್ರಶ್ನೆ ಕೇಳಬಹುದೇ?” ಎಂದೆ. ಕೇಳಿ ಎಂದ.

“ನಿಮಗೆ ಥಾಯ್ ಭಾಷೆ ಬರುವುದಿಲ್ಲ, ಅಲ್ಲವೇ?”

“ನೋ,” ಎಂದ ಡೋರ್ನ್.

“ಒಳ್ಳೆಯದಾಯಿತು,” ಎಂದೆ. “ನಮ್ಮಲ್ಲಿ ಹಾಗೆಂದರೆ ಬರುತ್ತದೆ ಎಂದು ಅರ್ಥ. ನಾನೂ ಬರೆದುಕೊಳ್ಳುತ್ತೇನೆ. ಇನ್ನು ಮುಂದಿನದೆಲ್ಲ ಥಾಯ್‌ನಲ್ಲೇ ಮಾತಾಡೋಣ, ಶುರು ಮಾಡಿ.”

ಕಾರ್ಯದರ್ಶಿ ಅಮ್ಮ ಮೇಜಿನ ಕೆಳಗೆ ಏನೋ ಬಿದ್ದವರಂತೆ ಬಗ್ಗಿದರು. ನನ್ನ ಕಥೆ ಮುಗಿಯಿತು ಎಂದುಕೊಂಡೆ. ಮುಗಿದರೆ ಮುಗಿಯಲಿ, ಹೇಳಿದ್ದಂತೂ ಹೇಳಿಯಾಯಿತು.

ಮೊದಲು ನಕ್ಕವಳು ಆ ಜಪಾನಿ ಹೆಂಗಸು, ಬಾಯಿಗೆ ಕೈ ಅಡ್ಡ ಹಿಡಿದುಕೊಂಡು. “ನಮ್ಮಲ್ಲೂ ಹಾಗೇ,” ಎಂದಳು ಡೋರ್ನ್‌ಗೆ. “ನಾನು ಚಿಕ್ಕವಳಿದ್ದಾಗ ಇದರಿಂದ ಎಷ್ಟು ಒದ್ದಾಡಿದ್ದೇನೆ ಗೊತ್ತೇ.”

ಡೋರ್ನ್‌ನ ಕಿವಿ ಕೆಂಪಗಾಗಿತ್ತು. ಆ ಹಾಳೆಯನ್ನು ಮತ್ತೆ ಓದಿದ. ಆಮೇಲೆ ಪೆನ್ನು ಕೆಳಗಿಟ್ಟು, ನಿಧಾನವಾಗಿ ಕೇಳಿದ: “ಆ ದಿನ ನೀವು ಲೈನ್ ಜಡ್ಜ್‌ರನ್ನು ಕೇಳಿದಿರಾ?”

“ಕೇಳಿದೆ. ಅವರ ಹೆಸರು ಪಿಮ್‌ಪಾ. ಅವರು ಬಾವುಟದ ತುದಿಗೆ ಅಂಗೈ ಇಟ್ಟು ತೋರಿಸಿದರು. ಚೆಂಡು ಬೆರಳಿಗೆ ತಾಗಿದ್ದನ್ನು ನೋಡಿದವರು ಅವರು. ನನಗೆ ಕಂಡಿರಲಿಲ್ಲ.”

“ಥ್ಯಾಂಕ್ಯೂ,” ಎಂದ. ಬರೆದುಕೊಂಡ.

ಕೊನೆಗೆ ಕಾರ್ಯದರ್ಶಿ ಅಮ್ಮ, “ಫಲಿತಾಂಶಕ್ಕೆ ಮೂರು ವಾರ ಕಾಯಬೇಕು, ಬೇಸರವಿಲ್ಲ ಅಲ್ಲವೇ?” ಎಂದು ಇಂಗ್ಲಿಷಿನಲ್ಲೇ ಕೇಳಿದರು. ಬೇಸರವಿದೆ, ಆದರೂ ಕಾಯುತ್ತೇನೆ ಎಂದೆ.

ಕ್ರೀಡಾಕೂಟದಲ್ಲಿ ಗೆರೆ ಸೊಟ್ಟಗಿತ್ತೆಂದು ಮಾರಿವಿಕ್ ಸಂದೇಶ ಕಳಿಸಿದ್ದಾಳೆ. ಓಟದವರೆಲ್ಲ ಓರೆಯಾಗಿ ಓಡಿದರಂತೆ.

ಸೆಪ್ಟೆಂಬರ್ 13

ಪಾಸ್! ಮಾತಿನಲ್ಲಿ ಒಳ್ಳೆಯ ಅಂಕ, ಬರವಣಿಗೆಯಲ್ಲಿ ಅಂಚಿನಲ್ಲಿ ದಾಟಿದ್ದೇನೆ. ತರಬೇತಿಗೆ ಹೆಸರು ಹೋಗಿದೆ. ಮಾರಿವಿಕ್ ನನ್ನನ್ನು ತಬ್ಬಿಕೊಂಡು ಎಲ್ಲರೆದುರು ಮೀನುಪೇಟೆಯ ಬೈಗುಳಗಳನ್ನೆಲ್ಲ ಒಂದು ಸುತ್ತು ಹಾಡಿದಳು. ಅವು ಬೈಗುಳ ಎಂದು ಅವಳಿಗೆ ಇನ್ನೂ ಗೊತ್ತಿಲ್ಲ, ನಾನೂ ಹೇಳುವುದಿಲ್ಲ.

ಮಧ್ಯಾಹ್ನದ ಹೊತ್ತಿಗೆ ಶಾಲೆಯ ಗೇಟಿಗೆ ನನ್ನನ್ನು ಅಭಿನಂದಿಸುವ ಬ್ಯಾನರ್ ಬಂತು. ನಡುವೆ ಪ್ರಾಸೊಪ್ ಸಾರ್, ಬಿಳಿ ಸಮವಸ್ತ್ರದಲ್ಲಿ, ಆಳೆತ್ತರ. ಮೂಲೆಯಲ್ಲಿ ನಾನು, ಅಂಚೆಚೀಟಿಯಷ್ಟು.

“ಜಾಗ ಸಾಲ್ಲಿಲ್ಲ ತಂಗಿ. ಬೇಜಾರಿಲ್ಲ ಅಲ್ವಾ?”

“ಬೇಜಾರಾಗಿದೆ ಸಾರ್,” ಎಂದೆ. “ನನ್ನ ಫೋಟೊ ದೊಡ್ಡದು ಮಾಡಿಸಿ. ಪಕ್ಕದಲ್ಲಿ ಮಾರಿವಿಕ್ ಫೋಟೊ ಹಾಕ್ಸಿ. ನಿಮ್ದೂ ಇರ್ಲಿ.”

ಬಿಚ್ಚಿಸಿಕೊಂಡು ಹೋದರು. ನೋಡೋಣ.

ಸಾಯಂಕಾಲ ಅವ್ವನ ಅಂಗಡಿಯಲ್ಲಿ ಮೀನು ತೂಗುತ್ತಿದ್ದೆ. ಪಿಮ್‌ಪಾ ಬಂದಳು. ಕೈಯಲ್ಲಿ ಮಂಡಳಿಯ ಲಕೋಟೆ. ಡೋರ್ನ್ ತನ್ನ ವರದಿಯನ್ನು ತಿದ್ದಿ, ಅದರ ಪ್ರತಿಯನ್ನು ಅವಳಿಗೂ ಕಳಿಸಿದ್ದಾನೆ. ಅವಳು ಅಲ್ಲೇ ಗಡಿಗೆಗಳ ನಡುವೆ ನಿಂತಳು, ಒಳಗೂ ಬರಲಿಲ್ಲ, ಹೋಗಲೂ ಇಲ್ಲ.

“ಖೆಮ್, ನನ್ ಮೇಲೆ ನಿಂಗೆ ಸಿಟ್ಟಿಲ್ಲ ಅಲ್ವಾ?”

“ಇದೆ,” ಎಂದೆ. “ಒಂದು ವರ್ಷದಿಂದ ಇದೆ. ಹಿಂಗಂದ್ಯಾ ಅಂತ ಒಂದೇ ಒಂದ್ ಮಾತು ನೀನು ಕೇಳ್ಬಹುದಿತ್ತು.”

ಅವಳು ಲಕೋಟೆಯನ್ನು ಒಂದು ಗಡಿಗೆಯ ಮೇಲಿಟ್ಟಳು. “ಕೇಳ್ಬೇಕಿತ್ತು,” ಎಂದಳು. “ಕೇಳ್ಲಿಲ್ಲ.” ಆಮೇಲೆ ಇಬ್ಬರೂ ಸಂತೆಯ ನಟ್ಟನಡುವೆ ಅತ್ತೆವು, ಉಪ್ಪುಮೀನಿನ ವಾಸನೆಯ ಕೈಯಲ್ಲೇ ಕಣ್ಣೊರೆಸಿಕೊಂಡೆವು. ಅವ್ವ ನಮ್ಮಿಬ್ಬರನ್ನೂ ನೋಡಿ, “ಏನ್ರೇ, ಉಂಡಿಲ್ಲ ಅಲ್ವಾ?” ಎಂದಳು. “ಉಂಡಿಲ್ಲ!” ಎಂದೆವು ಇಬ್ಬರೂ ಒಟ್ಟಿಗೆ. ಒಂದೇ ತಟ್ಟೆಯಲ್ಲಿ ಹಾಕಿಕೊಟ್ಟಳು.

ಉಣ್ಣುವಾಗ ಅವ್ವ ಪಿಮ್‌ಪಾಳಿಗೆ ಚಾಡಿ ಹೇಳುತ್ತಿದ್ದಳು, ಇತ್ತೀಚೆಗೆ ಇವಳು ಮೊದಲಿನ ಹಾಗಿಲ್ಲ, ಎಲ್ಲರಿಗೂ ಎದುರು ಮಾತಾಡುತ್ತಾಳೆ, ತುಂಬಾ ಬದಲಾಗಿದ್ದಾಳೆ ಎಂದು. ಏನು ಬದಲಾವಣೆಯೋ ಕಾಣೆ. ನಾನು ಹುಟ್ಟಿದಾಗಿನಿಂದ ಹೀಗೇ ಇದ್ದೇನೆ. ಯಾರೂ ಸರಿಯಾಗಿ ಕೇಳಿರಲಿಲ್ಲ, ಅಷ್ಟೆ.